ಗಾಜೀಪುರದಿಂದ ಕ್ಯಾಂಟನ್‌ಗೆ: ಅಫೀಮಿನ ಹಾದಿ

ಗಸಗಸೆ ಪಾಯಸ ಕುಡಿದರೆ ನಿದ್ದೆ ಬರುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಆದರೆ ಅಡಿಗೆಮನೆಯ ಆ ಪುಟ್ಟ ಬೀಜದಲ್ಲಿ ಮತ್ತಿನ ಅಂಶ ನಗಣ್ಯ. ಮತ್ತು ಇರುವುದು ಅದೇ ಗಿಡದ ಎಳೆಯ ಕಾಯಿಯಲ್ಲಿ. ಕಾಯಿಯ ಸಿಪ್ಪೆಯನ್ನು ಗೀರಿದರೆ ಹಾಲಿನಂಥ ರಸ ಒಸರುತ್ತದೆ. ರಾತ್ರಿಯಿಡೀ ಗಟ್ಟಿಯಾದ ಆ ರಸವನ್ನು ಬೆಳಿಗ್ಗೆ ಕೆರೆದು ತೆಗೆಯುತ್ತಾರೆ. ಅದೇ ಅಫೀಮು.

ಹದಿನೆಂಟನೆಯ ಶತಮಾನದಲ್ಲಿ ಬ್ರಿಟನ್ನಿಗೆ ಚೀನಾದ ಚಹಾ ಬೇಕಾಗಿತ್ತು. ಚೀನಾಕ್ಕೆ ಬ್ರಿಟನ್ನಿನ ಸರಕುಗಳು ಅಷ್ಟಾಗಿ ಬೇಕಿರಲಿಲ್ಲ. ಹೀಗಾಗಿ ಚಹಾದ ಬೆಲೆಯನ್ನು ಬೆಳ್ಳಿಯಲ್ಲಿ ತೆರಬೇಕಿತ್ತು. ಈ ಬೆಳ್ಳಿಯ ಸೋರಿಕೆಗೆ ಈಸ್ಟ್ ಇಂಡಿಯಾ ಕಂಪನಿ ಕಂಡುಕೊಂಡ ಉಪಾಯವೇ ಅಫೀಮು. 1773ರಲ್ಲಿ ಕಂಪನಿ ಬಂಗಾಳದ ಅಫೀಮು ವ್ಯಾಪಾರದ ಏಕಸ್ವಾಮ್ಯವನ್ನು ಕೈಗೆ ತೆಗೆದುಕೊಂಡಿತು. ಪಾಟ್ನಾ ಮತ್ತು ಗಾಜೀಪುರಗಳಲ್ಲಿ ಕಾರ್ಖಾನೆಗಳು ಎದ್ದವು. ರೈತನಿಗೆ ಮುಂಗಡ ಹಣ ಕೊಟ್ಟು ಬೆಳೆ ಬೆಳೆಸುವವರು ಕಂಪನಿಯವರೇ, ಬೆಲೆ ಕಟ್ಟುವವರೂ ಅವರೇ. ಮುಂಗಡದ ಸಾಲದಲ್ಲಿ ಸಿಕ್ಕಿಬಿದ್ದ ರೈತನಿಗೆ ಬೇರೆ ದಾರಿ ಇರಲಿಲ್ಲ.

ಚೀನಾ ಅಫೀಮನ್ನು ನಿಷೇಧಿಸಿತ್ತು. ಆದ್ದರಿಂದ ಕಂಪನಿ ತಾನೇ ಅದನ್ನು ಅಲ್ಲಿಗೆ ಸಾಗಿಸದೆ ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು; ಖಾಸಗಿ ವರ್ತಕರು ಅದನ್ನು ಕ್ಯಾಂಟನ್ ತೀರಕ್ಕೆ ಕಳ್ಳಸಾಗಣೆ ಮಾಡುತ್ತಿದ್ದರು. 1839ರಲ್ಲಿ ಚೀನೀ ಅಧಿಕಾರಿ ಲಿನ್ ಝೆಕ್ಸು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ಸುಣ್ಣ, ಉಪ್ಪುಗಳ ನೀರಿನಲ್ಲಿ ಕರಗಿಸಿ ನಾಶಪಡಿಸಿದನು. ಪರಿಣಾಮವಾಗಿ ಯುದ್ಧ ಸಿಡಿಯಿತು. ಸೋತ ಚೀನಾ 1842ರ ನಾನ್‌ಜಿಂಗ್ ಒಪ್ಪಂದದಂತೆ ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟಿದ್ದಲ್ಲದೆ, ನಾಶವಾದ ಅಫೀಮಿಗೂ ಪರಿಹಾರ ತೆತ್ತಿತು! ಹಾಂಗ್‌ಕಾಂಗ್ ಮರಳಿ ಚೀನಾದ ಕೈಸೇರಿದ್ದು 1997ರಲ್ಲಿ.

ಇದೇ ಕಾಲದಲ್ಲಿ ವಿಜ್ಞಾನಿಗಳು ಅಫೀಮಿನ ಗುಟ್ಟನ್ನು ಹುಡುಕುತ್ತಿದ್ದರು. 1805ರ ಸುಮಾರಿಗೆ ಜರ್ಮನಿಯ ಔಷಧ ಅಂಗಡಿಯೊಂದರ ಸಹಾಯಕ ಸೆರ್ಟ್ಯೂರ್ನರ್ ಅದರಿಂದ ಒಂದು ಸತ್ವವನ್ನು ಬೇರ್ಪಡಿಸಿದನು. ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನಿಂದ ಅದಕ್ಕೆ ಮಾರ್ಫಿನ್ ಎಂಬ ಹೆಸರು ಬಂತು. ನೋವನ್ನು ತಗ್ಗಿಸಲು ನಮ್ಮ ದೇಹವೇ ತಯಾರಿಸುವ ಎಂಡಾರ್ಫಿನ್‌ಗಳು ಮಿದುಳಿನಲ್ಲಿ ಎಲ್ಲಿ ಅಂಟಿಕೊಳ್ಳುತ್ತವೆಯೋ ಅಲ್ಲಿಯೇ ಮಾರ್ಫಿನ್ ಕೂಡ ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಅದು ನೋವು ನೀಗುತ್ತದೆ, ಚಟವನ್ನೂ ಹಿಡಿಸುತ್ತದೆ. ಪ್ರಮಾಣ ಮೀರಿದರೆ ಉಸಿರನ್ನೇ ನಿಲ್ಲಿಸುತ್ತದೆ. ಮಾರ್ಫಿನ್‌ನಿಂದ ತಯಾರಾದ ಹೆರಾಯಿನ್ 1898ರಲ್ಲಿ ಕೆಮ್ಮಿನ ಔಷಧವಾಗಿ ಮಾರುಕಟ್ಟೆಗೆ ಬಂದಿತ್ತೆಂದರೆ ನಿಮಗೆ ಆಶ್ಚರ್ಯವಾದೀತು.

ಇಂದು ಭಾರತದಲ್ಲಿ ಅಫೀಮಿನ ಬೆಳೆಗೆ ಸರ್ಕಾರದ ಪರವಾನಗಿ ಬೇಕು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಕೆಲವು ಭಾಗಗಳಲ್ಲಿ ಮಾತ್ರ ಅದಕ್ಕೆ ಅವಕಾಶ. 1985ರ ಮಾದಕವಸ್ತು ಕಾಯಿದೆಯ ಬಿಗಿ ನಿಯಮಗಳಿಂದಾಗಿ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗುವುದು ಕಷ್ಟವಾಯಿತು. ಅಫೀಮು ಬೆಳೆಯುವ ದೇಶದಲ್ಲೇ ರೋಗಿಗಳು ನೋವಿನಿಂದ ನರಳುವಂತಾಯಿತು. ಈ ತೊಡಕನ್ನು ಸಡಿಲಿಸಲು 2014ರಲ್ಲಿ ಕಾಯಿದೆಗೆ ತಿದ್ದುಪಡಿ ಬಂತು.

ಗಿಡಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಅದರ ರಸ ರೋಗಿಯ ಹಾಸಿಗೆಯ ಬಳಿಗೆ ಹೋಗಬೇಕೋ, ವರ್ತಕನ ಪೆಟ್ಟಿಗೆಗೆ ಹೋಗಬೇಕೋ ಎಂಬುದನ್ನು ನಿರ್ಧರಿಸುವವನು ಮನುಷ್ಯನೇ.