ಮನೆಯ ಪುಸ್ತಕ ಊರಿನ ಸೊತ್ತಾದ ಕತೆ

1799ರ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷರ ವಶವಾಯಿತು. ಟಿಪ್ಪು ಸುಲ್ತಾನನ ಖಡ್ಗ ಯಾರ ಪಾಲಾಯಿತು, ಸಿಂಹಾಸನದ ಹುಲಿಮುಖ ಎಲ್ಲಿ ಹೋಯಿತು, ಮರದ ಹುಲಿ ಯಾವ ಮ್ಯೂಸಿಯಂನಲ್ಲಿದೆ ಎಂಬ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಅದೇ ಅರಮನೆಯಲ್ಲಿದ್ದ ಪುಸ್ತಕಗಳ ಬಗ್ಗೆ ಮಾತಾಡುವವರು ಕಡಿಮೆ. ಅಲ್ಲಿ ಸುಮಾರು ಎರಡು ಸಾವಿರ ಸಂಪುಟಗಳಿದ್ದವು. ಹೆಚ್ಚಿನವು ಅರಬಿ ಮತ್ತು ಫಾರಸಿ ಹಸ್ತಪ್ರತಿಗಳು. ಕುರ್‌ಆನ್ ವ್ಯಾಖ್ಯಾನ, ಫಿಕ್‌ಹ್, ಸೂಫಿ ಗ್ರಂಥ, ಇತಿಹಾಸ, ಕಾವ್ಯ, ವೈದ್ಯ, ಗಣಿತ ಎಲ್ಲವೂ ಅದರಲ್ಲಿದ್ದವು. ಕಂಪನಿಯವರು ಅವುಗಳಲ್ಲಿ ಹೆಚ್ಚಿನದನ್ನು ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿಗೆ ಸಾಗಿಸಿದರು. ಕೆಲವು ಇಂಗ್ಲೆಂಡಿಗೆ ಹೋದವು. ಚಾರ್ಲ್ಸ್ ಸ್ಟೂವರ್ಟ್ ಎಂಬ ವಿದ್ವಾಂಸ ಈ ಸಂಗ್ರಹದ ವಿವರಣಾತ್ಮಕ ಪಟ್ಟಿಯನ್ನು 1809ರಲ್ಲಿ ಪ್ರಕಟಿಸಿದ. ಇಂದು ಟಿಪ್ಪುವಿನ ಗ್ರಂಥಭಂಡಾರದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಆ ಪಟ್ಟಿಯಿಂದಲೇ ಬಂದದ್ದು.

ಸ್ಟೂವರ್ಟ್ ಇನ್ನೊಂದು ಮಾತನ್ನೂ ದಾಖಲಿಸಿದ್ದಾನೆ. ಆ ಪುಸ್ತಕಗಳಲ್ಲಿ ಹಣ ಕೊಟ್ಟು ಕೊಂಡವು ಕಡಿಮೆ. ಸವಣೂರು, ಕಡಪ, ಕರ್ನಾಟಿಕ್ ಪ್ರದೇಶಗಳ ಮೇಲಿನ ದಂಡಯಾತ್ರೆಗಳಲ್ಲಿ ಕೈಗೆ ಬಂದವು ಹೆಚ್ಚು. ಅಂದರೆ ಗೆಲುವಿನೊಂದಿಗೆ ಬಂದ ಪುಸ್ತಕ ಸೋಲಿನೊಂದಿಗೆ ಹೊರಟುಹೋಯಿತು.

ಬಿಜಾಪುರದ ಕತೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಆದಿಲ್‌ಶಾಹಿಗಳ ಗ್ರಂಥಭಂಡಾರದಲ್ಲಿ ಅಳಿದುಳಿದ ಹಸ್ತಪ್ರತಿಗಳು ಆಸಾರ್ ಮಹಲಿನಲ್ಲಿ ಬಹುಕಾಲ ಬಿದ್ದಿದ್ದವು. ಹುಳ ತಿಂದದ್ದು ಹೋಗಿ ಉಳಿದದ್ದನ್ನು 1853ರಲ್ಲಿ ಲಂಡನ್ನಿಗೆ ಕಳುಹಿಸಲಾಯಿತು. ಇಂದು ಬಿಜಾಪುರದ ವಿದ್ಯಾರ್ಥಿಯೊಬ್ಬ ತನ್ನ ಊರಿನ ಸುಲ್ತಾನರು ಓದಿದ ಪುಸ್ತಕವನ್ನು ನೋಡಬೇಕಾದರೆ ಬ್ರಿಟಿಷ್ ಲೈಬ್ರರಿಗೆ ಹೋಗಬೇಕು.

ವಸಾಹತುಶಾಹಿಯನ್ನು ದೂರಿ ಇಲ್ಲಿಗೇ ನಿಲ್ಲಿಸಬಹುದು. ಆ ದೂರು ಸುಳ್ಳೂ ಅಲ್ಲ. ಆದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಆ ಪುಸ್ತಕಗಳು ಹೊರಟು ಹೋದಾಗ 'ಇದು ನಮ್ಮದು' ಎಂದು ಹೇಳುವ ಅಧಿಕಾರ ಊರಿನ ಯಾರಿಗಾದರೂ ಇತ್ತೇ? ಇರಲಿಲ್ಲ. ಅವು ಅರಮನೆಯ ಸೊತ್ತು. ಒಡೆಯ ಅಳಿದಾಗ ಅವು ವಾರಸುದಾರರಿಲ್ಲದ ಸಾಮಾನಾದವು. ಪುಸ್ತಕ ಸಂಗ್ರಹಿಸುವುದು ಒಂದು ಕೆಲಸ; ಅದನ್ನು ಸಾರ್ವಜನಿಕರದ್ದಾಗಿ ಮಾಡುವುದು ಬೇರೆಯೇ ಕೆಲಸ. ಈ ಎರಡನೆಯ ಕೆಲಸವನ್ನು ಮಾಡಿ ತೋರಿಸಿದವರು ಬಿಹಾರದ ಒಬ್ಬ ವಕೀಲರು, ಖುದಾ ಬಕ್ಷ್ ಖಾನರು.

ತಂದೆಯ ವಸೀಯತ್ತು

ಖುದಾ ಬಕ್ಷ್ ಹುಟ್ಟಿದ್ದು 1842ರಲ್ಲಿ. ತಂದೆ ಮುಹಮ್ಮದ್ ಬಕ್ಷ್ ಪಟ್ನಾದಲ್ಲಿ ವಕೀಲರು. ದುಡಿದದ್ದರಲ್ಲಿ ದೊಡ್ಡ ಪಾಲನ್ನು ಹಸ್ತಪ್ರತಿಗಳಿಗೆ ಸುರಿದವರು. 1876ರಲ್ಲಿ ಅವರು ತೀರಿಕೊಂಡಾಗ ಮನೆಯಲ್ಲಿ ಸುಮಾರು 1400 ಹಸ್ತಪ್ರತಿಗಳಿದ್ದವು. ಈ ಸಂಗ್ರಹವನ್ನು ಬೆಳೆಸಬೇಕು, ಅನುಕೂಲವಾದಾಗ ಕಟ್ಟಡ ಕಟ್ಟಿಸಿ ಜನರಿಗೆ ಬಿಟ್ಟುಕೊಡಬೇಕು ಎಂಬುದು ಮಗನಿಗೆ ಅವರ ಕೊನೆಯ ಮಾತು. ಆಗ ಮಗನ ಕೈಯಲ್ಲಿ ಹಣವಿರಲಿಲ್ಲ. ಆ ಮಾತನ್ನು ನಡೆಸಿಕೊಡಲು ಅವರಿಗೆ ಹದಿನೈದು ವರ್ಷ ಬೇಕಾಯಿತು.

1891ರ ಹೊತ್ತಿಗೆ ಗಂಗೆಯ ದಡದ ಬಂಕೀಪುರದಲ್ಲಿ ಕಟ್ಟಡ ಎದ್ದು ನಿಂತಿತ್ತು. ಹಸ್ತಪ್ರತಿಗಳ ಸಂಖ್ಯೆ ಅಷ್ಟರಲ್ಲಿ 4000ಕ್ಕೆ ಏರಿತ್ತು. ಖಾನರು ಟ್ರಸ್ಟ್ ಪತ್ರ ಬರೆದು ಕಟ್ಟಡ, ಪುಸ್ತಕ ಎಲ್ಲವನ್ನೂ ಸಾರ್ವಜನಿಕರಿಗೆ ಒಪ್ಪಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಎಲಿಯಟ್ ಅದನ್ನು ಉದ್ಘಾಟಿಸಿದರು. ಓರಿಯೆಂಟಲ್ ಪಬ್ಲಿಕ್ ಲೈಬ್ರರಿ ಎಂದು ಅದಕ್ಕೆ ಹೆಸರಾಯಿತು. ಹೆಸರಿನಲ್ಲಿರುವ 'ಪಬ್ಲಿಕ್' ಎಂಬ ಪದವನ್ನು ಗಮನಿಸಬೇಕು. ದಾನ ಕೊಟ್ಟವರ ಮಕ್ಕಳಿಗೂ ಇನ್ನು ಅದನ್ನು ಮಾರುವ ಅಧಿಕಾರವಿಲ್ಲ. ವಕ್ಫ್ ಎಂದರೇನೆಂದು ಬಲ್ಲ ನಮ್ಮ ಓದುಗರಿಗೆ ಈ ವಿಚಾರ ಹೊಸದೇನಲ್ಲ. ಕೊಟ್ಟವನ ಒಡೆತನ ಕೊಟ್ಟ ಕ್ಷಣದಲ್ಲಿಯೇ ಮುಗಿಯುತ್ತದೆ.

ಬ್ರಿಟಿಷ್ ಮ್ಯೂಸಿಯಂ ಈ ಸಂಗ್ರಹಕ್ಕೆ ಭಾರೀ ಬೆಲೆ ಕೊಡಲು ಮುಂದೆ ಬಂದಿತ್ತು. ತಂದೆಯೂ ತಾನೂ ಜೀವ ತೇಯ್ದು ಕೂಡಿಸಿದ್ದು ಪಟ್ನಾದ ಜನರಿಗಾಗಿ, ಹಣಕ್ಕಾಗಿ ಅಲ್ಲ ಎಂದು ಖಾನರು ನಿರಾಕರಿಸಿದರು. ಅವರು ಶ್ರೀಮಂತರೇನೂ ಆಗಿರಲಿಲ್ಲ. ಹೈದರಾಬಾದಿನಲ್ಲಿ ನಿಜಾಮರ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿ ದುಡಿದು ಹಿಂತಿರುಗಿದ ಮೇಲೂ ಅವರ ತಲೆಯ ಮೇಲೆ ಸಾಲವಿತ್ತು. ಕೊನೆಯ ದಿನಗಳಲ್ಲಿ ಪಾರ್ಶ್ವವಾಯು ಬಡಿದಾಗ ಆ ಸಾಲ ತೀರಿಸಲು ಸರ್ಕಾರವೇ ನೆರವಾಗಬೇಕಾಯಿತು. 1908ರಲ್ಲಿ ಅವರು ತೀರಿಕೊಂಡರು. ಗ್ರಂಥಾಲಯದ ಆವರಣದಲ್ಲಿಯೇ ಅವರ ಕಬರ್ ಇದೆ.

ಆರಿಸುವ ಬಗೆ

ಅವರು ತೀರಿಕೊಂಡ ವರ್ಷವೇ ಇತಿಹಾಸಕಾರ ಜದುನಾಥ ಸರ್ಕಾರ್ ಅವರ ಬಗ್ಗೆ ಲೇಖನ ಬರೆದರು. ಪುಸ್ತಕ ಕೂಡಿಸುವುದರಲ್ಲಿ ಅವರಿಗಿದ್ದ ಜಾಣ್ಮೆಯ ಎಷ್ಟೋ ಕತೆಗಳು ನಮಗೆ ತಿಳಿದದ್ದು ಅಂಥ ಬರಹಗಳಿಂದ. ಖಾನರು ಮುಹಮ್ಮದ್ ಮಕ್ಕಿ ಎಂಬ ಅರಬನನ್ನು ತಿಂಗಳಿಗೆ 50 ರೂಪಾಯಿ ಸಂಬಳ ಮತ್ತು ಕಮಿಷನ್ ಕೊಟ್ಟು ನೇಮಿಸಿಕೊಂಡಿದ್ದರು. ಆತ ಹದಿನೆಂಟು ವರ್ಷ ಕೈರೋ, ಡಮಾಸ್ಕಸ್, ಬೈರೂತ್ ಮುಂತಾದ ಊರುಗಳಲ್ಲಿ ಸುತ್ತಾಡಿ ಹಸ್ತಪ್ರತಿಗಳನ್ನು ಹುಡುಕಿ ಕಳುಹಿಸಿದ. ಹಸ್ತಪ್ರತಿ ಹಿಡಿದು ಬಂಕೀಪುರಕ್ಕೆ ಬಂದ ಯಾವ ವ್ಯಾಪಾರಿಗೂ ಅವರು ರೈಲು ಖರ್ಚಿನ ಎರಡು ಪಟ್ಟು ಹಣ ಕೊಡುತ್ತಿದ್ದರಂತೆ, ಪುಸ್ತಕ ಕೊಳ್ಳಲಿ ಬಿಡಲಿ. ಇದರಿಂದಾಗಿ ದೇಶದ ಯಾವ ಮೂಲೆಯಲ್ಲಿ ಒಳ್ಳೆಯ ಪ್ರತಿ ಮಾರಾಟಕ್ಕೆ ಬಂದರೂ ಮೊದಲು ಅವರ ಬಾಗಿಲಿಗೆ ಬರುತ್ತಿತ್ತು. ಹತ್ತನ್ನು ನೋಡಿದವನು ಮಾತ್ರ ಒಂದನ್ನು ಸರಿಯಾಗಿ ಆರಿಸಬಲ್ಲ.

ಹೀಗೆ ಆರಿಸಿದ್ದರ ಬೆಲೆ ಇಂದು ಗೊತ್ತಾಗುತ್ತಿದೆ. ಅಕ್ಬರನ ಕಾಲದಲ್ಲಿ ಚಿತ್ರಗಳೊಂದಿಗೆ ಸಿದ್ಧವಾದ 'ತಾರೀಖೆ ಖಾಂದಾನೆ ತೈಮೂರಿಯಾ' ಗ್ರಂಥದ ಇನ್ನೊಂದು ಪ್ರತಿ ಜಗತ್ತಿನಲ್ಲೆಲ್ಲೂ ಸಿಕ್ಕಿಲ್ಲ. ಅದರ ಮೇಲೆ ಷಹಜಹಾನನ ಕೈಬರಹವಿದೆ. 2011ರಲ್ಲಿ ಯುನೆಸ್ಕೊ ಅದನ್ನು ಜಾಗತಿಕ ನೆನಪಿನ ದಾಖಲೆಗಳ ಪಟ್ಟಿಗೆ ಸೇರಿಸಿತು. ಮೊಗಲ್ ಬಾದಶಹರು ಶಕುನ ನೋಡುತ್ತಿದ್ದ ಹಾಫಿಜ್‌ನ ದೀವಾನ್ ಇಲ್ಲಿದೆ. ಹುಮಾಯೂನ್ ಮತ್ತು ಜಹಾಂಗೀರ್ ಅದರ ಅಂಚಿನಲ್ಲಿ ತಮ್ಮ ಟಿಪ್ಪಣಿ ಬರೆದಿದ್ದಾರೆ. ಸ್ಪೇನಿನ ವೈದ್ಯ ಅಲ್ ಜಹ್ರಾವಿಯ ಶಸ್ತ್ರಚಿಕಿತ್ಸೆಯ ಗ್ರಂಥವೂ ಉಪಕರಣಗಳ ಚಿತ್ರಗಳ ಸಮೇತ ಇಲ್ಲಿದೆ. ಧರ್ಮಗ್ರಂಥದ ಪಕ್ಕದಲ್ಲಿ ವೈದ್ಯವನ್ನೂ ಕಾವ್ಯವನ್ನೂ ಇಡುವ ವಿಶಾಲ ದೃಷ್ಟಿ ಆ ವಕೀಲರಿಗೆ ಇತ್ತು.

ಕಾಯುವ ಬಗೆ

ಕೂಡಿಸಿದ್ದನ್ನು ಕಾಯುವುದು ಇನ್ನೂ ಕಷ್ಟ. ಒಮ್ಮೆ ಗ್ರಂಥಾಲಯದಲ್ಲಿ ರಟ್ಟು ಕಟ್ಟುತ್ತಿದ್ದವನೇ ಬೆಲೆಬಾಳುವ ಪ್ರತಿಗಳನ್ನು ಕದ್ದು ಲಾಹೋರಿನ ವ್ಯಾಪಾರಿಗೆ ಕಳುಹಿಸಿದ. ಇಂಥ ಪುಸ್ತಕಕ್ಕೆ ಒಳ್ಳೆಯ ಬೆಲೆ ಕೊಡುವವರು ಯಾರೆಂದು ಯೋಚಿಸಿದ ಆ ವ್ಯಾಪಾರಿ ಅವನ್ನು ಖುದಾ ಬಕ್ಷ್ ಖಾನರಿಗೇ ಮಾರಲು ಹೊರಟ! ಕಳವು ಹೀಗೆ ಬಯಲಾಯಿತು. ಕತೆ ನಗು ತರಿಸುತ್ತದೆ. ಆದರೆ ಎಲ್ಲ ಗ್ರಂಥಾಲಯಗಳಿಗೂ ಇಂಥ ಅದೃಷ್ಟ ಇರುವುದಿಲ್ಲ.

ಎರವಲಿನ ವಿಷಯದಲ್ಲಿ ಖಾನರು ಬಹಳ ಬಿಗಿ. ಪುಸ್ತಕ ಎರವಲು ಕೊಡುವವನು ಕುರುಡ, ಕೈಗೆ ಬಂದದ್ದನ್ನು ಹಿಂದಿರುಗಿಸುವವನು ಇನ್ನೂ ದೊಡ್ಡ ಕುರುಡ ಎಂಬ ಅರ್ಥದ ಮಾತನ್ನು ಅವರು ನಗುತ್ತಾ ಹೇಳುತ್ತಿದ್ದರಂತೆ. ಹಸ್ತಪ್ರತಿಯನ್ನು ಅಲ್ಲಿಯೇ ಕುಳಿತು ಓದಬೇಕು. ಇದರಿಂದ ದೂರದ ಊರಿನ ಓದುಗನಿಗೆ ತೊಂದರೆಯಾದದ್ದು ನಿಜ. ಹಾಗೆಂದು ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಅದು ಗ್ರಂಥಾಲಯವಲ್ಲ, ಖಜಾನೆ. ಬೀಗಕ್ಕೂ ಓದುಗನಿಗೂ ನಡುವೆ ಸೇತುವೆಯಾಗುವುದು ಪುಸ್ತಕಗಳ ಪಟ್ಟಿ. ಖಾನರು ತಾವೇ ಫಾರಸಿಯಲ್ಲಿ 'ಮಹಬೂಬುಲ್ ಅಲ್ಬಾಬ್' ಎಂಬ ಪಟ್ಟಿ ಸಿದ್ಧಪಡಿಸಿದ್ದರು. 1903ರಲ್ಲಿ ಲಾರ್ಡ್ ಕರ್ಜನ್ ಇಲ್ಲಿಗೆ ಭೇಟಿ ಕೊಟ್ಟ ಮೇಲೆ ಡೆನಿಸನ್ ರಾಸ್ ಅವರ ಉಸ್ತುವಾರಿಯಲ್ಲಿ ಇಂಗ್ಲಿಷ್ ಪಟ್ಟಿಯ ಕೆಲಸ ಆರಂಭವಾಯಿತು. ಮೌಲವಿ ಅಬ್ದುಲ್ ಮುಖ್ತದಿರ್ ತಯಾರಿಸಿದ ಮೊದಲ ಸಂಪುಟ 1908ರಲ್ಲಿ ಹೊರಬಂದಿತು. ಮುಂದೆ ಒಂದೊಂದಾಗಿ ಮೂವತ್ತಕ್ಕೂ ಹೆಚ್ಚು ಸಂಪುಟಗಳು ಬಂದವು. ಬರ್ಲಿನ್ನಿನಲ್ಲಿ ಕುಳಿತ ವಿದ್ವಾಂಸನಿಗೂ ಪಟ್ನಾದ ಕಪಾಟಿನಲ್ಲಿ ಏನಿದೆ ಎಂದು ತಿಳಿದದ್ದು ಹೀಗೆ.

ಇನ್ನೊಂದು ಒಳ್ಳೆಯ ಕೆಲಸವೂ ಆಯಿತು. ಹಸ್ತಪ್ರತಿಗಳ ಕಟ್ಟಡದ ಜೊತೆಗೇ 1905ರಲ್ಲಿ ಕರ್ಜನ್ ವಾಚನಾಲಯ ಕಟ್ಟಲಾಯಿತು. ಅರಬಿ, ಫಾರಸಿ ಗೊತ್ತಿಲ್ಲದ ಪಟ್ನಾದ ಸಾಮಾನ್ಯ ಹುಡುಗರು ಅಲ್ಲಿ ಪತ್ರಿಕೆ ಓದುತ್ತಾರೆ, ಪರೀಕ್ಷೆಗೆ ತಯಾರಿ ಮಾಡುತ್ತಾರೆ. ಒಂದೇ ಆವರಣದಲ್ಲಿ ವಿದ್ವಾಂಸನಿಗೂ ಜಾಗವಿದೆ, ಬಾಡಿಗೆ ಕೋಣೆಯಲ್ಲಿ ಬೆಳಕಿಲ್ಲದ ವಿದ್ಯಾರ್ಥಿಗೂ ಜಾಗವಿದೆ.

1969ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆ ಮಾಡಿ ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ಆಡಳಿತ ಮಂಡಳಿಗೆ ಬಿಹಾರದ ರಾಜ್ಯಪಾಲರು ಅಧ್ಯಕ್ಷರು. ನಾಲ್ಕು ಸಾವಿರವಿದ್ದ ಹಸ್ತಪ್ರತಿಗಳು ಈಗ 21 ಸಾವಿರ ದಾಟಿವೆ. 1977ರಿಂದ ಗ್ರಂಥಾಲಯದ್ದೇ ಸಂಶೋಧನಾ ಪತ್ರಿಕೆಯೂ ಇದೆ.

ಇಷ್ಟಾದರೂ ಅಪಾಯ ತಪ್ಪಲಿಲ್ಲ. 2021ರಲ್ಲಿ ಅಶೋಕ ರಾಜಪಥದ ಮೇಲ್ಸೇತುವೆಗಾಗಿ ಕರ್ಜನ್ ವಾಚನಾಲಯದ ಒಂದು ಭಾಗವನ್ನು ಕೆಡವುವ ಪ್ರಸ್ತಾಪ ಬಂದಿತು. ಆಗ ಎದ್ದು ನಿಂತವರು ವಿದ್ವಾಂಸರು ಮಾತ್ರವಲ್ಲ, ಅಲ್ಲಿ ಕುಳಿತು ಓದಿ ಬೆಳೆದ ಎಲ್ಲ ಸಮುದಾಯಗಳ ಜನರು. ವಿರೋಧಕ್ಕೆ ಮಣಿದು ಯೋಜನೆಯನ್ನು ಬದಲಾಯಿಸಬೇಕಾಯಿತು. ಬಿಜಾಪುರದ ಪುಸ್ತಕಗಳು 1853ರಲ್ಲಿ ಹೊರಟಾಗ ಇಲ್ಲದಿದ್ದ 'ಇದು ನಮ್ಮದು' ಎಂಬ ದನಿ ಪಟ್ನಾದಲ್ಲಿ ಕೇಳಿಬಂದಿತು. ಖಾನರು ಬರೆದ ಟ್ರಸ್ಟ್ ಪತ್ರದ ಫಲ ಇದೇ.

ನಮ್ಮ ನಡುವೆ

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗಾಗಿ 1965ರಲ್ಲಿಯೇ ಕಾಯಿದೆಯಾಗಿದೆ. ಆಸ್ತಿ ತೆರಿಗೆಯ ಪ್ರತಿ ರೂಪಾಯಿಯೊಂದಿಗೆ ಆರು ಪೈಸೆ ಗ್ರಂಥಾಲಯ ಕರ ಕೊಡುವವರು ನಾವೇ. ಎಂದಮೇಲೆ ಅಲ್ಲಿನ ಪುಸ್ತಕಗಳ ಒಡೆಯರೂ ನಾವೇ. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಕೊಡದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬ ದೂರು ಮತ್ತೆ ಮತ್ತೆ ಕೇಳಿಬಂದಿದೆ. ಯಾವ ಪುಸ್ತಕ ಕೊಳ್ಳಬೇಕೆಂಬುದನ್ನು ಆಯ್ಕೆ ಸಮಿತಿ ತೀರ್ಮಾನಿಸುತ್ತದೆ. ನಾವು ಆ ಬಗ್ಗೆ ಒಂದು ಕಾಗದವನ್ನೂ ಬರೆಯುವುದಿಲ್ಲ. ಊರಿನ ವಾಚನಾಲಯಕ್ಕೆ ಹೋಗಿ ಇಂಥ ಪುಸ್ತಕ ಬೇಕು ಎಂದು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ? ಕೇಳುವವರಿಲ್ಲದ ಕಡೆ ಸಮಿತಿ ತನಗೆ ತೋಚಿದ್ದನ್ನು ಆರಿಸುತ್ತದೆ.

ನಮ್ಮ ಹಳೆಯ ಮನೆಗಳಲ್ಲಿ, ಮಸೀದಿಗಳ ಅಟ್ಟದಲ್ಲಿ, ದರ್ಗಾಗಳ ಪೆಟ್ಟಿಗೆಗಳಲ್ಲಿ ಇನ್ನೂ ಪುಸ್ತಕಗಳಿವೆ. ಅರಬಿ, ಫಾರಸಿ, ದಖ್ಖನಿ ಉರ್ದು, ಅರಬಿ ಲಿಪಿಯ ಬ್ಯಾರಿ ಮತ್ತು ಮಲಯಾಳಂ, ಹಳೆಯ ಕನ್ನಡ ಪತ್ರಿಕೆಗಳ ಕಟ್ಟುಗಳು. ಅಜ್ಜ ಓದುತ್ತಿದ್ದರು, ಮಗನಿಗೆ ಲಿಪಿ ಬಾರದು, ಮೊಮ್ಮಗ ಮನೆ ಬದಲಾಯಿಸುವಾಗ ಗುಜರಿಯವನಿಗೆ ತೂಕಕ್ಕೆ ಕೊಟ್ಟುಬಿಡುತ್ತಾನೆ. ಇದಕ್ಕೆ ಯಾವ ಕಂಪನಿ ಸರ್ಕಾರವನ್ನು ದೂರೋಣ?

ಎಲ್ಲರಿಗೂ ಖುದಾ ಬಕ್ಷ್ ಖಾನರಂತೆ ಕಟ್ಟಡ ಕಟ್ಟಿಸಲಾಗದು. ಅವರು ಮಾಡಿದ್ದರಲ್ಲಿ ಖರ್ಚಿಲ್ಲದ ಕೆಲಸಗಳೂ ಇವೆ. ಇರುವುದರ ಪಟ್ಟಿ ಮಾಡಬಹುದು. ಓದಬಲ್ಲ ಒಬ್ಬ ಮೌಲವಿಯನ್ನೋ ಅಧ್ಯಾಪಕರನ್ನೋ ಕರೆಸಿ ತೋರಿಸಬಹುದು. ಪುಟಗಳ ಚಿತ್ರ ತೆಗೆದಿಡಬಹುದು. ಕೊಡುವುದಾದರೆ ಬಾಯಿಮಾತಿನಲ್ಲಿ ಕೊಡದೆ ಕಾಗದ ಬರೆದು, ಮಾರಬಾರದು, ಓದುವವರಿಗೆ ತೋರಿಸಬೇಕು ಎಂಬ ಷರತ್ತಿನೊಂದಿಗೆ ಒಂದು ಸಂಸ್ಥೆಗೆ ಒಪ್ಪಿಸಬಹುದು. ಶ್ರೀರಂಗಪಟ್ಟಣದ ಎರಡು ಸಾವಿರ ಪುಸ್ತಕಗಳಿಗೆ ಅಂಥ ಒಂದು ಕಾಗದ ಇರಲಿಲ್ಲ. ನಮ್ಮ ಅಟ್ಟದ ಮೇಲಿನ ಇಪ್ಪತ್ತು ಪುಸ್ತಕಗಳಿಗಾದರೂ ಅದು ಇರಲಿ.