ಟೇಪಿಗೆ ಉಣಿಸುವ ಯಂತ್ರ

ಕಂಪ್ಯೂಟರಿನಲ್ಲಿರುವ ಮಾಹಿತಿಯ ಇನ್ನೊಂದು ಪ್ರತಿಯನ್ನು ಬೇರೆಡೆ ಜೋಪಾನವಾಗಿ ಇಡುವುದಕ್ಕೆ ಬ್ಯಾಕಪ್ ಎನ್ನುತ್ತಾರೆ. ಈ ಕೆಲಸಕ್ಕೆ ಇಂದಿಗೂ ಟೇಪನ್ನು ಬಳಸುತ್ತಾರೆ ಎಂದರೆ ನಮ್ಮ ಅನೇಕ ವೀಕ್ಷಕರಿಗೆ ಅಚ್ಚರಿಯಾಗಬಹುದು. ಹಾಡಿನ ಕ್ಯಾಸೆಟ್ ಮನೆಗಳಿಂದ ಮರೆಯಾಯಿತು, ನಿಜ. ಆದರೆ 2011ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯ ಜೀಮೇಲ್‌ನಲ್ಲಿ ತಂತ್ರಾಂಶದ ದೋಷದಿಂದ ಕೆಲವರ ಪತ್ರಗಳೆಲ್ಲ ಕಾಣೆಯಾದಾಗ, ಡಿಸ್ಕಿನ ಮೇಲಿದ್ದ ಹಲವು ಪ್ರತಿಗಳೂ ಅದೇ ದೋಷಕ್ಕೆ ತುತ್ತಾಗಿದ್ದವು. ಪತ್ರಗಳನ್ನು ಮರಳಿ ತಂದದ್ದು ಟೇಪಿನಿಂದ. ಯಂತ್ರದಿಂದ ತೆಗೆದು ಕಪಾಟಿನಲ್ಲಿಟ್ಟ ಟೇಪನ್ನು ತಂತ್ರಾಂಶದ ದೋಷವಾಗಲಿ ವೈರಸ್ಸಾಗಲಿ ಮುಟ್ಟಲಾರವು.

ಇಂಥ ವ್ಯವಸ್ಥೆ ಕಟ್ಟುವವರು ಟೇಪನ್ನೂ ಅದನ್ನು ಓಡಿಸುವ ಡ್ರೈವನ್ನೂ ಬಹಳ ವಿಚಾರಿಸಿ ಕೊಳ್ಳುತ್ತಾರೆ. ಅದಕ್ಕೆ ಮಾಹಿತಿ ಉಣಿಸುವ ಸರ್ವರ್ ಮಾತ್ರ, ಮೂಲೆಯಲ್ಲಿ ಯಾವುದು ಖಾಲಿ ಬಿದ್ದಿದೆಯೋ ಅದು. ಕಷ್ಟ ಶುರುವಾಗುವುದು ಅಲ್ಲಿಯೇ. ಯಾಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1935ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಜರ್ಮನಿಯ ಎಇಜಿ ಕಂಪನಿ ಮ್ಯಾಗ್ನೆಟೊಫೋನ್ ಎಂಬ ಧ್ವನಿಮುದ್ರಣ ಯಂತ್ರವನ್ನು ತೋರಿಸಿತು. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ಎರಡು ಇಂಚು ಅಗಲದ ಟೇಪಿನ ಮೇಲೆ ದೂರದರ್ಶನದ ಚಿತ್ರವನ್ನೇ ಮುದ್ರಿಸಿ ತೋರಿಸಿತು. ಈ ಎರಡು ಯಂತ್ರಗಳಿಗೂ ಒಂದು ಅನುಕೂಲವಿತ್ತು. ಹಾಡುಗಾರನಾಗಲಿ ಕ್ಯಾಮೆರಾ ಆಗಲಿ ನಡುವೆ ಉಸಿರು ಕಟ್ಟಿ ನಿಲ್ಲುವುದಿಲ್ಲ. ಸಂಕೇತ ಒಂದೇ ಸಮನೆ ಬರುತ್ತದೆ, ಟೇಪು ಒಂದೇ ಸಮನೆ ಓಡುತ್ತದೆ. ಸ್ಟುಡಿಯೊದಲ್ಲಿ ಕೆಲಸ ಮಾಡುವ ನಮಗೆ ಇದು ಎಷ್ಟು ಸಹಜವೆಂದರೆ, ಬೇರೆ ರೀತಿ ಇರಬಹುದೆಂಬ ಯೋಚನೆಯೇ ಬರುವುದಿಲ್ಲ.

ಕಂಪ್ಯೂಟರಿನ ಸ್ವಭಾವ ಹಾಗಲ್ಲ. ಅದು ಒಂದಿಷ್ಟು ಲೆಕ್ಕ ಮಾಡುತ್ತದೆ, ಒಂದಿಷ್ಟು ಕೊಡುತ್ತದೆ, ಮತ್ತೆ ಲೆಕ್ಕಕ್ಕೆ ಕೂರುತ್ತದೆ. 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಬಂದ ಯೂನಿವ್ಯಾಕ್ ಗಣಕದಲ್ಲಿ ಅರ್ಧ ಇಂಚು ಅಗಲದ ಲೋಹದ ಟೇಪು ಸೆಕೆಂಡಿಗೆ 100 ಇಂಚು ಓಡುತ್ತಿತ್ತು. ಭಾರವಾದ ಸುರುಳಿಯನ್ನು ಕ್ಷಣದಲ್ಲಿ ನಿಲ್ಲಿಸಿ ಕ್ಷಣದಲ್ಲಿ ಓಡಿಸುವುದು ಹೇಗೆ? ಲೋಹದ ಟೇಪು ತಡೆದೀತು. ತೆಳು ಪ್ಲಾಸ್ಟಿಕ್ಕಿನದಾದರೆ ಹರಿದೇ ಹೋದೀತು. 1952ರಲ್ಲಿ ಪ್ಲಾಸ್ಟಿಕ್ ಟೇಪಿನ 726 ಎಂಬ ಯಂತ್ರವನ್ನು ತಂದ ಐಬಿಎಂ ಕಂಪನಿ ಇದಕ್ಕೊಂದು ಸೊಗಸಾದ ಉಪಾಯ ಮಾಡಿತು. ಜೇಮ್ಸ್ ವೈಡನ್‌ಹ್ಯಾಮರ್ ಮತ್ತು ವಾಲ್ಟರ್ ಬಸ್ಲಿಕ್ ಎಂಬ ಎಂಜಿನಿಯರುಗಳು ಸುರುಳಿಗೂ ಮುದ್ರಿಸುವ ತಲೆಗೂ ನಡುವೆ ಉದ್ದನೆಯ ಗೂಡು ಮಾಡಿ, ಅದರೊಳಗಿನ ಗಾಳಿಯನ್ನು ಹೀರಿ, ಟೇಪು ಸಡಿಲವಾದ ಕುಣಿಕೆಯಂತೆ ಅಲ್ಲಿ ಇಳಿಬೀಳುವಂತೆ ಮಾಡಿದರು. ತಲೆಯ ಬಳಿ ಟೇಪು ತಟ್ಟನೆ ಓಡಿದರೆ ಕುಣಿಕೆ ಚಿಕ್ಕದಾಗುತ್ತದೆ. ಸುರುಳಿ ನಿಧಾನವಾಗಿ ತಿರುಗಿ ಆ ಕೊರತೆಯನ್ನು ತುಂಬುತ್ತದೆ. ಹಳೆಯ ಚಲನಚಿತ್ರಗಳಲ್ಲಿ ಕಂಪ್ಯೂಟರ್ ಎಂದರೆ ಬೀರುವಿನಂಥ ಪೆಟ್ಟಿಗೆ, ಗಕ್ಕನೆ ನಿಂತು ತಿರುಗುವ ಎರಡು ಚಕ್ರ. ಆ ದೃಶ್ಯದ ಗುಟ್ಟು ಇದೇ. ಆ ಕಾಲದಲ್ಲಿ ಟೇಪು ಯಂತ್ರವೇ ಕಂಪ್ಯೂಟರಿನ ಲಹರಿಗೆ ಹೊಂದಿಕೊಳ್ಳುತ್ತಿತ್ತು ಎನ್ನಬಹುದು.

ಈ ಗೂಡುಗಳಿಗೆ ಜಾಗ ಬೇಕು, ಪಂಪು ಬೇಕು, ಹಣವೂ ಬೇಕು. 1984ರಲ್ಲಿ ಬಂದ ಐಬಿಎಂನ 3480 ಯಂತ್ರದಲ್ಲಿ ಅವು ಇರಲಿಲ್ಲ. ಅಂಗೈಯಗಲದ ಚೌಕ ಕ್ಯಾಸೆಟ್, ಅದರಲ್ಲಿ 200 ಮೆಗಾಬೈಟ್, ಅಂದರೆ ಸುಮಾರು 20 ಕೋಟಿ ಅಕ್ಷರ. ಕುಣಿಕೆಯ ಜಾಗದಲ್ಲಿ ಕೂತದ್ದು ವಿದ್ಯುನ್ಮಾನ ಸ್ಮೃತಿ: ಮಾಹಿತಿ ಮೊದಲು ಅಲ್ಲಿ ತುಂಬಿಕೊಂಡು ಆಮೇಲೆ ಟೇಪಿಗೆ ಇಳಿಯುತ್ತದೆ. ಅದೇ ಸುಮಾರಿಗೆ ಅಗ್ಗದ ಸಣ್ಣ ಡ್ರೈವುಗಳು ಇನ್ನೂ ಮುಂದೆ ಹೋಗಿ, ತಟ್ಟನೆ ನಿಲ್ಲುವ ಜಾಣ್ಮೆಯನ್ನೇ ಕೈಬಿಟ್ಟವು. ಟೇಪು ಓಡುತ್ತಲೇ ಇರಬೇಕು, ಮಾಹಿತಿ ಹರಿಯುತ್ತಲೇ ಇರಬೇಕು. ಹೀಗೆ ಹೊಂದಿಕೊಳ್ಳುವ ಹೊಣೆ ಸದ್ದಿಲ್ಲದೆ ಕಂಪ್ಯೂಟರಿನ ಹೆಗಲಿಗೆ ಬಂತು. ಟೇಪಿನ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ತಿರುವು ಇದು. ಎಷ್ಟು ಅಕ್ಷರ ಹಿಡಿಸಿತು ಎಂಬ ದಾಖಲೆಗಳಲ್ಲ.

2000ದಲ್ಲಿ ಆರಂಭವಾದ ಎಲ್‌ಟಿಒ ಎಂಬ ಟೇಪಿನ ಕುಲ ಇದೇ ದಾರಿಯದು. ಅಗಲ ಮಾತ್ರ ಯೂನಿವ್ಯಾಕ್ ಕಾಲದ ಅದೇ ಅರ್ಧ ಇಂಚು! 2017ರಲ್ಲಿ ಬಂದ ಎಂಟನೆಯ ತಲೆಮಾರಿನ ಕ್ಯಾಸೆಟ್ಟಿನಲ್ಲಿ 960 ಮೀಟರ್ ಟೇಪು, 12 ಟೆರಾಬೈಟ್ ಮಾಹಿತಿ. 726ರ ಸುರುಳಿಗಳಾಗಿದ್ದರೆ ಐವತ್ತು ಲಕ್ಷಕ್ಕೂ ಹೆಚ್ಚು ಬೇಕಾಗುತ್ತಿದ್ದವು. ಟೇಪು ಸೆಕೆಂಡಿಗೆ ಐದಾರು ಮೀಟರಿನಂತೆ ಓಡುತ್ತ, 360 ಮೆಗಾಬೈಟ್ ನುಂಗುತ್ತದೆ. ಹಾಡಿನ ಕ್ಯಾಸೆಟ್ ಓಡುತ್ತಿದ್ದುದು ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಕಡಿಮೆ.

ಹಿಟ್ಟಿನ ಗಿರಣಿಯಲ್ಲಿ ಕಾಳು ಮುಗಿದರೆ ಕಲ್ಲಿಗೆ ಕಲ್ಲು ಉಜ್ಜುತ್ತದಲ್ಲ, ಇಲ್ಲೂ ಹಾಗೆಯೇ. ಮಾಹಿತಿ ನಿಂತಿತೆಂದರೆ ಡ್ರೈವು ವೇಗ ತಗ್ಗಿಸಿ, ನಿಂತು, ಹಿಂದಕ್ಕೆ ಸುತ್ತಿ, ಮತ್ತೆ ಓಡಿ, ಬಿಟ್ಟ ಜಾಗವನ್ನು ಹಿಡಿಯಬೇಕು. ಬಟ್ಟೆ ಹಿಡಿದು ಬೂಟು ಉಜ್ಜಿದಂತೆ ಟೇಪು ಹಿಂದೆ ಮುಂದೆ ಓಡಾಡುತ್ತದೆ. ಟೇಪೂ ಸವೆಯುತ್ತದೆ, ತಲೆಯೂ ಸವೆಯುತ್ತದೆ. ಈಗಿನ ಡ್ರೈವುಗಳು ಗರಿಷ್ಠ ವೇಗದ ಮೂರನೇ ಒಂದರಷ್ಟಕ್ಕೆ ಇಳಿದು ಸಹಿಸಿಕೊಳ್ಳುತ್ತವೆ. ಅದಕ್ಕಿಂತ ಕಡಿಮೆಯಾದರೆ ಉಜ್ಜಾಟವೇ ಗತಿ.

ಈಗ ಸರ್ವರಿನ ಮಾತು. ಕಚೇರಿಗಳಲ್ಲಿ ಸಾಮಾನ್ಯವಾದ ಒಂದು ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್, ವ್ಯವಹಾರದಲ್ಲಿ 110ರ ಆಸುಪಾಸು ಸಾಗೀತು. ಪೂರ್ಣ ವೇಗದಲ್ಲಿ ಒಂಬತ್ತೂಕಾಲು ಗಂಟೆಗೆ ತುಂಬುವ ಕ್ಯಾಸೆಟ್ಟಿಗೆ ಆಗ ಮೂವತ್ತು ಗಂಟೆ ಹಿಡಿಯುತ್ತದೆ. ರಾತ್ರಿ ಬಾಗಿಲು ಹಾಕಿ ಬೆಳಗ್ಗೆ ತೆರೆಯುವ ಕಚೇರಿಗೆ ಇದು ಬ್ಯಾಕಪ್ಪೇ ಅಲ್ಲ. ಹತ್ತು ಗಿಗಾಬಿಟ್ಟಿನ ಕಾರ್ಡು ಹಾಕಿದರೂ ಡಿಸ್ಕು ಕೈಕೊಡಬಹುದು. ತಿರುಗುವ ಡಿಸ್ಕು ದೊಡ್ಡ ಕಡತವನ್ನು ಒಂದೇ ಸಮನೆ ಓದಬಲ್ಲದು. ಆದರೆ ಹತ್ತು ಕಿಲೋಬೈಟಿನ ಸಣ್ಣ ಪತ್ರಗಳಾದರೆ ಪ್ರತಿಯೊಂದನ್ನು ಹುಡುಕಲು ಸೆಕೆಂಡಿನ ನೂರನೇ ಒಂದು ಭಾಗ ಬೇಕು ಎಂದಿಟ್ಟುಕೊಳ್ಳಿ, ಸೆಕೆಂಡಿಗೆ ಬರುವುದು ಒಂದೇ ಮೆಗಾಬೈಟ್! ಆದ್ದರಿಂದ ಬಲ್ಲವರು ಸಣ್ಣ ಕಡತಗಳನ್ನೆಲ್ಲ ಮೊದಲು ಸರ್ವರಿನಲ್ಲೇ ಇರುವ, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕಿಗೆ ತುಂಬಿಕೊಂಡು, ಅಲ್ಲಿಂದ ಟೇಪಿಗೆ ಹರಿಸುತ್ತಾರೆ. 1952ರ ಕುಣಿಕೆಯೇ ಹೊಸ ವೇಷದಲ್ಲಿ ಬಂದಿದೆ ಎನ್ನಿ.

ಅಂಗಡಿಯವರು ಹೊಗಳುವ ಪ್ರೊಸೆಸರಿಗೆ ಇಲ್ಲಿ ಅಂಥ ಕೆಲಸವಿಲ್ಲ. ಡಿಸ್ಕು, ಜಾಲ, ಟೇಪು ಮೂರಕ್ಕೂ ಬೇರೆ ಬೇರೆ ಅಗಲದ ದಾರಿ ಇದ್ದರೆ ನಾಲ್ಕಾರು ವರ್ಷದ ಹಳೆಯ ಸರ್ವರೂ ನಡೆದೀತು. ಟೇಪಿನ ಡ್ರೈವನ್ನು ಡಿಸ್ಕುಗಳ ರೇಡ್ ಕಾರ್ಡಿಗೆ ಸಿಕ್ಕಿಸದೆ ಪ್ರತ್ಯೇಕ ಸಾದಾ ಎಸ್‌ಎಎಸ್ ಕಾರ್ಡಿಗೆ ಜೋಡಿಸುವುದು ಕ್ಷೇಮ. ಒಂದು ವಿಷಯದಲ್ಲಿ ಮಾತ್ರ ಜಿಪುಣತನ ಬೇಡ: ದೋಷವನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಸ್ಮೃತಿ. ಡ್ರೈವು ಬರೆದದ್ದನ್ನು ತಕ್ಷಣವೇ ಓದಿ ಪರೀಕ್ಷಿಸುತ್ತದೆ, ಸರಿ. ಆದರೆ ಅದಕ್ಕೆ ಕೊಟ್ಟದ್ದೇ ತಪ್ಪಾಗಿದ್ದರೆ ಆ ತಪ್ಪನ್ನೇ ನಿಷ್ಠೆಯಿಂದ ಕಾಪಾಡುತ್ತದೆ.

ಕೊಳ್ಳುವಾಗ ಇನ್ನೂ ಒಂದು ಲೆಕ್ಕವಿದೆ. ಏಳನೆಯ ತಲೆಮಾರಿನವರೆಗೆ ಎಲ್‌ಟಿಒ ಡ್ರೈವುಗಳು ಹಿಂದಿನ ಎರಡು ತಲೆಮಾರಿನ ಕ್ಯಾಸೆಟ್ ಓದುತ್ತಿದ್ದವು. ಎಂಟನೆಯದು ಹಿಂದಿನ ಒಂದನ್ನು ಮಾತ್ರ ಓದುತ್ತದೆ. 2025ರಲ್ಲಿ ಬಂದ ಹತ್ತನೆಯದು ಹಿಂದಿನ ಯಾವುದನ್ನೂ ಓದುವುದಿಲ್ಲ. ಕಪಾಟಿನಲ್ಲಿ ಎಂಟನೆಯ ತಲೆಮಾರಿನ ಕ್ಯಾಸೆಟ್ ಇಟ್ಟುಕೊಂಡವರು ಅದನ್ನು ಓದುವ ಒಂದು ಡ್ರೈವನ್ನೂ, ಆ ಡ್ರೈವಿನ ಕಾರ್ಡು ಕೂರುವ ಒಂದು ಸರ್ವರನ್ನೂ, ಮಾಹಿತಿಯೆಲ್ಲ ಹೊಸ ಟೇಪಿಗೆ ಇಳಿಯುವವರೆಗೆ ಕೆಡದಂತೆ ನೋಡಿಕೊಳ್ಳಬೇಕು.