ಹೇರೆತ್ತು ನಡೆದ ಹಾದಿ

ಶಿವಮೊಗ್ಗೆಯ ಕೋಟೆಯ ಭಾಗದಲ್ಲಿ, ತುಂಗೆಯ ದಡಕ್ಕೆ ಸಮೀಪದಲ್ಲಿ, ಶಿವಪ್ಪನಾಯಕನ ಅರಮನೆಯೆಂದು ಜನ ಕರೆಯುವ ಮರದ ಕಂಬಗಳ ಕಟ್ಟಡವೊಂದಿದೆ. ಈಗ ಅದು ವಸ್ತುಸಂಗ್ರಹಾಲಯ. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರುವ ವೀರಗಲ್ಲು, ಮಾಸ್ತಿಕಲ್ಲುಗಳ ನಡುವೆ ಅಡ್ಡಾಡುವುದು ನಿವೃತ್ತನಾದ ಮೇಲೆ ನಾನು ರೂಢಿಸಿಕೊಂಡ ಅಭ್ಯಾಸ. ಅರಮನೆಗೆ ಬೇಲಿಯುಂಟು, ಕಾವಲುಂಟು, ವಿವರ ಬರೆದ ಫಲಕವುಂಟು. ಆದರೆ ಅರಮನೆಯ ಅಡುಗೆಮನೆಗೆ ಉಪ್ಪು ಬಂದ ಹಾದಿಗೆ ಏನುಂಟು? ಈ ಹೊತ್ತು ಆ ಹಾದಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕೆಳದಿಯ ಅರಸರ ರಾಜ್ಯ ಘಟ್ಟದ ಮೇಲೂ ಕೆಳಗೂ ಹಬ್ಬಿದ್ದಿತು. ಕೆಳದಿ, ಇಕ್ಕೇರಿ, ಬಿದನೂರು ಎಂಬ ಅವರ ರಾಜಧಾನಿಗಳು ಮಲೆನಾಡಿನಲ್ಲಿದ್ದವು; ಹೊನ್ನಾವರ, ಬಸರೂರು, ಮಂಗಳೂರುಗಳೆಂಬ ಬಂದರುಗಳು ಕಡಲ ತಡಿಯಲ್ಲಿದ್ದವು. ನಡುವೆ ಗೋಡೆಯಂತೆ ನಿಂತದ್ದು ಸಹ್ಯಾದ್ರಿ. ಮೆಣಸು, ಏಲಕ್ಕಿ, ಅಡಿಕೆ ಇಳಿಯಬೇಕು. ಉಪ್ಪು, ತೆಂಗಿನಕಾಯಿ ಏರಬೇಕು. ಗೇರುಸೊಪ್ಪೆ, ಕೊಲ್ಲೂರು, ಹೊಸಂಗಡಿ, ಆಗುಂಬೆ - ಹೀಗೆ ಗೋಡೆಯಲ್ಲಿ ಬಿರುಕಿದ್ದೆಡೆಗಳಲ್ಲೆಲ್ಲ ಹೇರೆತ್ತುಗಳು ಹಾದಿ ಮಾಡಿದವು. ಹೊಲಗದ್ದೆಗಳನ್ನು ಅಳೆಸಿ ‘ಶಿಸ್ತು’ ಏರ್ಪಡಿಸಿದ ಶಿವಪ್ಪನಾಯಕನ ಹೆಸರು ಇತಿಹಾಸದಲ್ಲಿ ಉಳಿಯಿತು. ಘಟ್ಟ ಹತ್ತಿ ಇಳಿದ ಹೇರಾಳುಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ನಮ್ಮ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕದ ಮಾತುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಹೇರಿನ ಮೇಲೆ ಬಿದ್ದ ಸುಂಕಕ್ಕೆ ಲೆಕ್ಕವುಂಟು, ಹೊತ್ತವನಿಗಿಲ್ಲ.

ಹೊರಗಿನಿಂದ ಬಂದವರು ಮಾತ್ರ ಈ ಹಾದಿಗಳನ್ನು ಕಣ್ಣು ತೆರೆದು ನೋಡಿದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಪೋರ್ತುಗೀಸರ ರಾಯಭಾರಿಯೊಡನೆ ಹೊನ್ನಾವರದಿಂದ ಹೊರಟು, ಗೇರುಸೊಪ್ಪೆಯವರೆಗೆ ಹೊಳೆಯಲ್ಲಿ ಸಾಗಿ, ಘಟ್ಟ ಹತ್ತಿ, ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದ. ಆ ಪ್ರವಾಸದ ದಾರಿಯಲ್ಲಿ, ಗುಡಿಯೊಂದರ ಮೊಗಸಾಲೆಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನು ಆತ ವಿವರವಾಗಿ ಬರೆದಿಟ್ಟಿದ್ದಾನೆ. ಕಾಲುನಡಿಗೆಯ ವೇಗದಲ್ಲಿ ಹೋದವನ ಕಣ್ಣಿಗೆ ಮಾತ್ರ ಬೀಳುವ ನೋಟವದು. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಕುಂದಾಪುರದಿಂದ ಹೊಸಂಗಡಿಯ ಘಟ್ಟವೇರಿ ಬಿದನೂರನ್ನು ಹಿಡಿದ; ಅದೇ ವರ್ಷ ಟಿಪ್ಪು ಅದನ್ನು ಮರಳಿ ಗೆದ್ದ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕರಾವಳಿಯ ಊರುಗಳನ್ನೂ ಇಕ್ಕೇರಿ, ನಗರದ ಸೀಮೆಯನ್ನೂ ಸುತ್ತಿ, ಕಂಡ ಬೆಳೆ ಮರ ಕಸುಬುಗಳನ್ನೆಲ್ಲ ದಾಖಲಿಸಿದ. ಸೈನ್ಯ ನಡೆದ ಹಾದಿ, ಸಾಹೇಬ ನಡೆದ ಹಾದಿ ಪುಸ್ತಕ ಸೇರಿತು.

ನನ್ನ ಅಜ್ಜಿ ನಡೆದ ಹಾದಿ ಯಾವ ಪುಸ್ತಕವನ್ನೂ ಸೇರಲಿಲ್ಲ. ಆಕೆಯ ತೌರು ಘಟ್ಟದ ಕೆಳಗೆ, ಕುಂದಾಪುರ ಸೀಮೆಯ ಸಿದ್ದಾಪುರದ ಕಡೆ. ನಗರದ ಸಮೀಪದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದಾಗ, ತನ್ನ ಅಣ್ಣನ ಹಿಂದೆ ನಡೆದೇ ಘಟ್ಟ ಹತ್ತಿದಳಂತೆ. ದಾರಿಯಲ್ಲಿ ಹೊರೆ ಇಳಿಸುವ ಕಲ್ಲುಗಳು ಮೂರಿದ್ದವೆಂದು ಹೇಳುತ್ತಿದ್ದಳು: ತಲೆಹೊರೆಯವನು ಯಾರ ನೆರವೂ ಇಲ್ಲದೆ ಹೊರೆ ಇಳಿಸಿ, ಮತ್ತೆ ಹೊತ್ತುಕೊಳ್ಳಲು ಅನುಕೂಲವಾಗುವಂತೆ ಎದೆಯೆತ್ತರಕ್ಕೆ ನಿಲ್ಲಿಸಿದ ಕಲ್ಲುಗಳು. ನಾನು ಹತ್ತು ವರ್ಷದವನಿದ್ದಾಗ ಅಪ್ಪಯ್ಯ ಆ ಹಾದಿಯಲ್ಲಿ ಸ್ವಲ್ಪ ದೂರ ಕರೆದೊಯ್ದು ಮೊದಲನೆಯ ಕಲ್ಲನ್ನು ತೋರಿಸಿದ್ದರು. ಉಳಿದೆರಡನ್ನು ನಾನು ನೋಡಿಲ್ಲ.

ನೋಡಬೇಕೆಂದು ಹೊರಟದ್ದು ನಿವೃತ್ತನಾದ ಮೇಲೆ. ಅಷ್ಟರಲ್ಲಿ ಕಾಲ ಬಹಳ ಮುಂದೆ ಹೋಗಿದ್ದಿತು. ಘಟ್ಟದ ಕೆಳಗೆ ಮದರಾಸು, ಮೇಲೆ ಮೈಸೂರು ಎಂಬ ಗಡಿ 1956ರಲ್ಲಿ ಅಳಿಸಿಹೋಯಿತು, ಆದರೆ ಬೇರೆ ಗೆರೆಗಳು ಮೂಡಿದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಅದೇ ವರ್ಷ ಶರಾವತಿ ಕಣಿವೆ, 1974ರಲ್ಲಿ ಮೂಕಾಂಬಿಕಾ ಮತ್ತು ಸೋಮೇಶ್ವರ ಅಭಯಾರಣ್ಯಗಳು ಘೋಷಿತವಾದವು. ಹಳೆಯ ಹಾದಿಗಳ ಬಹುಪಾಲು ಇಂಥ ರಕ್ಷಿತ ಕಾಡಿನೊಳಗೆ ಸೇರಿಹೋದವು. ನಾನು ಹೋದ ಕಡೆ ಒಂದು ಗೇಟಿದ್ದಿತು. ಗೇಟಿನಲ್ಲೊಬ್ಬ ತರುಣ ಕಾವಲುಗಾರ. ಅಜ್ಜಿಯ ಕಥೆಯನ್ನೆಲ್ಲ ಹೇಳಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು. ‘ಮೇಷ್ಟ್ರೆ, ನಕ್ಷೆಯಲ್ಲಿ ಇಲ್ಲಿ ಹಾದಿಯೇ ಇಲ್ಲವಲ್ಲ. ಕೊಡಚಾದ್ರಿಗಾದರೆ ಹೇಳಿ, ಟಿಕೆಟ್ಟು ಕೊಡುತ್ತಾರೆ’ ಎಂದ. ನನಗೆ ಸಿಟ್ಟು ಬಂದಿತು. ಅವನೇ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಅಜ್ಜನೂ ಅದರಲ್ಲೇ ಉಪ್ಪು ಹೊತ್ತವನು. ಈಗ ಕಾಟಿಗಳು ಮಾತ್ರ ನಡೆಯುತ್ತವೆ’ ಎಂದ. ಸಿಟ್ಟು ಇಳಿಯಿತು, ಪ್ರಶ್ನೆ ಉಳಿಯಿತು.

ಕಾನೂನು ಈ ಪ್ರಶ್ನೆಯನ್ನು ಅರಿಯದೆ ಇಲ್ಲ. 1927ರ ಭಾರತೀಯ ಅರಣ್ಯ ಕಾಯಿದೆಯ 25ನೆಯ ವಿಧಿ, ಮೀಸಲು ಅರಣ್ಯದಲ್ಲಿನ ಹಾದಿಯನ್ನು ಮುಚ್ಚುವುದಾದರೆ ಅನುಕೂಲವಾದ ಬದಲಿ ಹಾದಿ ಇರಬೇಕು, ಇಲ್ಲವೆ ಮಾಡಿಕೊಡಬೇಕು ಎನ್ನುತ್ತದೆ. 1972ರ ಕಾಯಿದೆ ಅಭಯಾರಣ್ಯದ ಹೆದ್ದಾರಿಯಲ್ಲಿ ಸಾಗುವವನಿಗೆ ಅಡ್ಡಿಯಿಲ್ಲ ಎನ್ನುತ್ತದೆ. ಪ್ರವಾಸಿಗೆ ಪರವಾನಗಿ ಕೊಡಬಹುದು ಎನ್ನುತ್ತದೆ. ಹುಲಿಕಲ್ಲಿನ ಘಾಟಿಯಲ್ಲಿ ಡಾಂಬರು ರಸ್ತೆಯಾದಾಗ ಬದಲಿ ಹಾದಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆದರೆ ಬಸ್ಸಿನವನಿಗೂ ಪ್ರವಾಸಿಗೂ ನಡುವೆ, ತನ್ನ ಹಿರಿಯರ ಹಾದಿಯಲ್ಲಿ ನಡೆಯಬೇಕೆನ್ನುವ ಮೂರನೆಯವನೊಬ್ಬನಿದ್ದಾನೆ. ಅವನಿಗೊಂದು ಹೆಸರಿಲ್ಲ.

ಹಾಗೆಂದು ಗೇಟನ್ನು ಕಿತ್ತೊಗೆಯಿರಿ ಎಂದು ನಾನು ಹೇಳುವುದಿಲ್ಲ. ಆಮೇಲೆ ನಾನು 1343 ಮೀಟರು ಎತ್ತರದ ಕೊಡಚಾದ್ರಿಯನ್ನು ಟಿಕೆಟ್ಟು ಪಡೆದೇ ಹತ್ತಿದೆ. ಸರ್ವಜ್ಞಪೀಠದ ಬಳಿ ನಿಂತು ಪಡುವಣ ಕಡಲಿನ ಬೆಳ್ಳಿಗೆರೆಯನ್ನು ನೋಡಿದಾಗ ಆಯಾಸ ಮರೆಯಿತು. ಇಳಿಯುವಾಗ ಮಾತ್ರ ಜೀಪುಗಳು ಕೊರೆದ ಕೊರಕಲುಗಳನ್ನೂ, ಪೊದೆಗೆ ಸಿಕ್ಕ ಪ್ಲಾಸ್ಟಿಕ್ಕು ಚೀಲಗಳನ್ನೂ ಕಂಡೆ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ನುಗ್ಗಿದ ಜನಸಂದಣಿಯಿಂದಾಗಿ, ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ಸರ್ಕಾರ ಕೆಲಕಾಲ ನಿಲ್ಲಿಸಬೇಕಾಯಿತು. ಸಿಂಗಳೀಕಗಳ ಕಾಡು ಜಾತ್ರೆಯನ್ನು ತಡೆಯಲಾರದು. ಚಾರಣ ಎಂಬ ಈಗಿನ ಮಾತಿಗೂ ಒಂದು ತಮಾಷೆಯಿದೆ. ನಮ್ಮ ಜೈನಕಾವ್ಯಗಳಲ್ಲಿ ಚಾರಣರೆಂದರೆ ಆಕಾಶದಲ್ಲಿ ಸಂಚರಿಸುವ ಋಷಿಗಳು. ಅವರ ಪಾದ ನೆಲಕ್ಕೆ ತಾಗುವುದಿಲ್ಲ, ಹುಲ್ಲು ನಲುಗುವುದಿಲ್ಲ. ಇಂದಿನ ಚಾರಣಿಗರು ಆ ಹೆಸರಿಗೆ ಸ್ವಲ್ಪವಾದರೂ ತಕ್ಕವರಾಗಬೇಡವೆ?

ಇಂಗ್ಲೆಂಡಿನಲ್ಲಿ ಈ ಜಗಳ ಬೇರೆ ಬಗೆಯಲ್ಲಿ ನಡೆಯಿತು. 1932ರಲ್ಲಿ ಕಾರ್ಖಾನೆಯ ಊರುಗಳ ನೂರಾರು ಕೆಲಸಗಾರರು, ಜಮೀನ್ದಾರರು ಬೇಟೆಗೆಂದು ಕಾದಿರಿಸಿದ್ದ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಅಪ್ಪಣೆಯಿಲ್ಲದೆ ನಡೆದರು. ಕೆಲವರು ಸೆರೆಮನೆ ಕಂಡರು. 1949ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಮತ್ತು ಗ್ರಾಮಾಂತರ ಪ್ರವೇಶದ ಕಾಯಿದೆಯಾಯಿತು. ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ಗುರುತಿಸಿ ನಕ್ಷೆಯಲ್ಲಿ ಬರೆಯುವುದು ಸ್ಥಳೀಯ ಆಡಳಿತದ ಕರ್ತವ್ಯವಾಯಿತು. ನೈಋತ್ಯ ತೀರದಲ್ಲಿ ಕಳ್ಳಸಾಗಣೆ ತಡೆಯಲು ಪಹರೆಯವರು ಸವೆಸಿದ್ದ ಕಾಲುದಾರಿ ಇಂದು ಸಾವಿರಾರು ಜನ ನಡೆಯುವ ಕಡಲಂಚಿನ ಹಾದಿಯಾಗಿದೆ. ನಮ್ಮ ಕಾಡು ಬೇರೆ, ನಮ್ಮ ಮಳೆ ಬೇರೆ. ಅವರ ನಿಯಮ ನಮಗೆ ಹಾಗೆಯೇ ಒಗ್ಗದು. ಆದರೆ ಮೊದಲು ನಕ್ಷೆಯಲ್ಲಿ ಬರೆ, ಅನಂತರ ನಿಯಮ ಮಾಡು ಎಂಬ ಕ್ರಮ ನಮಗೂ ಒಗ್ಗುವಂಥದು.

ನಮ್ಮ ಹಿರಿಯರಿಗೂ ನಿಯಮವಿದ್ದಿತು. ದೀಪಾವಳಿ ಕಳೆದು ಹಾದಿ ಒಣಗಿದ ಮೇಲೆ ಘಟ್ಟ ಇಳಿಯಬೇಕು, ಮುಂಗಾರಿನ ಮೊದಲ ಮಳೆಗೆ ಮುನ್ನ ಊರು ಸೇರಬೇಕು ಎಂದು ಅಜ್ಜಿ ಹೇಳುತ್ತಿದ್ದಳು. ಮಿಕ್ಕ ತಿಂಗಳುಗಳಲ್ಲಿ ಹಾದಿ ಕಾಡಿನದು. ಆದುದರಿಂದಲೇ ಶತಮಾನಗಳ ಕಾಲ ನಡೆದರೂ ಅದು ಒಂದು ಎತ್ತಿನ ಅಗಲಕ್ಕಿಂತ ಹೆಚ್ಚು ಬೆಳೆಯಲಿಲ್ಲ. ಇಂಥ ಹಾದಿಗಳಲ್ಲಿ ಕೆಲವನ್ನಾದರೂ ಆ ಕ್ರಮದಲ್ಲೇ, ಋತು ನೋಡಿ, ಎಣಿಕೆಯ ಜನರಿಗೆ, ಊರಿನವರೇ ಮುಂದೆ ನಡೆದು ತೋರಿಸುವಂತೆ ತೆರೆಯಬಾರದೆ? ತೆರೆಯಲಾಗದ ಹಾದಿಗಳ ಹೆಸರನ್ನಾದರೂ ನಕ್ಷೆಯಲ್ಲಿ ಉಳಿಸಬಾರದೆ?

ಅಂಥ ನಕ್ಷೆ ಬರುವವರೆಗೆ ನಾವು ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮನೆಗಳಲ್ಲಿ ಘಟ್ಟ ಹತ್ತಿದವರೋ ಇಳಿದವರೋ ಇನ್ನೂ ಇದ್ದರೆ, ಹಾದಿ ಎಲ್ಲಿ ಕವಲೊಡೆಯುತ್ತಿತ್ತು, ಎಲ್ಲಿ ನೀರಿತ್ತು, ಎಲ್ಲಿ ಹೊರೆ ಇಳಿಸುತ್ತಿದ್ದರು ಎಂದು ಕೇಳಿ ಬರೆದಿಡಿ. ನಾನು ಅಜ್ಜಿಯನ್ನು ಕೇಳಲಿಲ್ಲ. ಮೂರು ಕಲ್ಲುಗಳಲ್ಲಿ ಎರಡು ಎಲ್ಲಿದ್ದವೆಂದು ಹೇಳುವವರು ಈಗ ನಮ್ಮ ಮನೆಯಲ್ಲಿ ಯಾರೂ ಇಲ್ಲ.